ಗೋಡೆಯ ಮುಂದಿನ ಎಡೆ

ಊರೂರು ತಿರುಗಿ ಗೋಡೆಗಳಿಗೆ ಚಿತ್ರ ಬರೆಯುವುದೇ ಅವಳ ಕಸುಬು. ಈ ಸಲ ಪೌರಕಾರ್ಮಿಕರ ಕೇರಿಯಲ್ಲಿ, ಮ್ಯಾನ್‌ಹೋಲಿಗಿಳಿದು ಸತ್ತ ಐವರ ಮುಖಗಳನ್ನು ಕೇರಿಯವರ ಜೊತೆ ಸೇರಿ ಬರೆದಿದ್ದಳು. ನಡುವಿನ ಮುಖ ಅದೇ ಕೇರಿಯ ದುರುಗವ್ವನ ಗಂಡನದು. ಅವನದೊಂದು ಫೋಟೊ ಕೂಡ ಇರಲಿಲ್ಲ; ದುರುಗವ್ವ ಹೇಳಿದ ಗುರುತಿನ ಮೇಲೆ ಬರೆದದ್ದು.

ಉದ್ಘಾಟನೆಯ ಮುನ್ನಾದಿನ ಪುರಸಭೆ ಅಧ್ಯಕ್ಷರು ಬಂದು ಆ ಮುಖದ ಮೇಲೇ ಬೆರಳಿಟ್ಟರು.

“ಇವನನ್ನ ಅಳಿಸಿ ನನ್ನ ಬರೀರಿ. ಇಲ್ಲಾಂದ್ರೆ ಗೋಡೆಗೆಲ್ಲ ಸುಣ್ಣ ಹೊಡೆಸ್ತೀನಿ.”

“ಆಗಲಿ ಸಾರ್,” ಎಂದು ಅವಳು ಕುಂಚ ತೊಳೆದಳು. “ನಿಮಗೆ ತಿನ್ನೋಕೆ ಏನಿಷ್ಟ?”

“ಹೋಳಿಗೆ. ಯಾಕಮ್ಮ?”

“ನಾಡಿದ್ದು ಮಹಾಲಯ ಅಮಾವಾಸ್ಯೆ. ಸತ್ತವರಿಗೆ ಇಷ್ಟವಾದದ್ದನ್ನ ಕೇರಿಯವರು ಈ ಗೋಡೆ ಮುಂದೇನೇ ಎಡೆ ಇಡ್ತಾರೆ. ನಿಮ್ಮ ಮನೆಯವರಿಗೂ ಹೇಳಿಕಳಿಸ್ತೀನಿ, ಹೂವು ತರಲಿ.”

ಅಧ್ಯಕ್ಷರು ಬೆರಳು ಹಿಂದೆಗೆದು ಪಂಚೆಗೆ ಒರೆಸಿಕೊಂಡರು. “ಇರೋದು ಇರಲಿ ಬಿಡಮ್ಮ,” ಎನ್ನುತ್ತ ಕಾರು ಹತ್ತಿದರು. ಕೇರಿಗೆ ಕೇರಿಯೇ ನಕ್ಕಿತು. ದುರುಗವ್ವನೂ ಬಾಯಿಗೆ ಸೆರಗಿಟ್ಟು ನಕ್ಕಳು.

“ನಿನ್ನ ಗಂಡನಿಗೆ ಏನಿಡ್ತೀಯವ್ವ?” ಎಂದು ಚಿತ್ರದವಳು ಕೇಳಿದಳು.

“ಸೋಪು,” ಎಂದಳು ದುರುಗವ್ವ. “ಎಷ್ಟು ತಿಕ್ಕಿದ್ರೂ ವಾಸನೆ ಹೋಗಲ್ಲ ಅಂತ ನಮ್ಮ ಜೊತೆ ಉಣ್ಣೋಕೇ ಕೂರ್ತಿರಲಿಲ್ಲ.”