ಕೊನೆಯ ಹಲಗೆ

“ಬುದ್ಧಿ, ಮನೆಗೆ ಹೊಂದಿಕೊಳ್ಳದವರನ್ನ ತಿದ್ದಬೇಕೋ, ಬೇರೆ ಕಳಿಸಿಬಿಡಬೇಕೋ?” ಎಂದು ಪರ್ವತಪ್ಪ ಗುರುಗಳನ್ನು ಕೇಳಿದ.

ಅವನು ಮಠದ ಹಳೆಯ ಶಿಷ್ಯ. ಮೂವರು ಅಣ್ಣತಮ್ಮಂದಿರ ಕೂಡು ಕುಟುಂಬಕ್ಕೆ ಹಿರಿಯ. ಕಿರಿಯ ತಮ್ಮನ ಹೆಂಡತಿ ಆ ಮನೆಗೆ ಬಂದು ವರ್ಷವೂ ತುಂಬಿರಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸ್. ಗಂಡಸರ ಊಟ ಮುಗಿಯುವವರೆಗೆ ಹೆಂಗಸರು ತಟ್ಟೆ ಹಾಕಿಕೊಳ್ಳಬಾರದು ಎನ್ನುವುದು ಪರ್ವತಪ್ಪ ಮಾಡಿಟ್ಟ ಕ್ರಮ. ಅವಳು ಡ್ಯೂಟಿಗೆ ಹೊತ್ತಾಯಿತೆಂದು ತಾನೇ ಬಡಿಸಿಕೊಂಡು, ಉಂಡು, ತಟ್ಟೆ ತೊಳೆದಿಟ್ಟು ಹೊರಟುಬಿಡುತ್ತಿದ್ದಳು.

“ಹುಡುಗಿ ಕೆಟ್ಟವಳೇನು?” ಎಂದರು ಗುರುಗಳು.

“ಛೆ, ಹಾಗೆ ಅನ್ನಲಾರೆ ಬುದ್ಧಿ. ನಮ್ಮವ್ವನ ಕಾಲು ಬಾತಾಗ ಹಗಲೂ ರಾತ್ರಿ ನೋಡ್ಕೊಂಡಿದ್ದು ಅವಳೇ. ಆದ್ರೆ ನಮ್ಮ ಮನೆಗೆ ಹೊಂದಲ್ಲ. ಮಿಕ್ಕವರೆಲ್ಲ ಹೊಂದಿಕೊಂಡಿಲ್ವಾ? ಅವಳೊಬ್ಬಳದೇ ಸೊಟ್ಟ. ಬೇರೆ ಮನೆ ನೋಡ್ಕೋ ಅಂತ ತಮ್ಮಂಗೆ ಇವತ್ತೇ ಹೇಳಿಬಿಡೋಣ ಅಂತಿದೀನಿ. ತಾವು ಒಂದು ಸಲ ಹೂಂ ಅಂದ್ರೆ ಸಾಕು.”

ಹೂಂ ಅನ್ನಿಸಿಕೊಂಡೇ ಏಳುವವನಂತೆ ಅವನು ಭದ್ರವಾಗಿ ಕೂತಿದ್ದ. ಗುರುಗಳು ಹೂಂ ಅನ್ನಲಿಲ್ಲ. ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೇಳೆಕಾಳಿನ ವ್ಯಾಪಾರಿ. ಒಳ್ಳೆಯ ಮನುಷ್ಯ, ಮೈಮುರಿದು ದುಡಿಯುವವನು. ಒಂದು ಮೂಟೆಯ ಬಾಯಿ ಬಿಗಿಯಾಗಿ ಕಟ್ಟದೆ ಇನ್ನೊಂದು ಮೂಟೆಗೆ ಕೈ ಹಾಕಬಾರದು ಎನ್ನುವುದು ಅಂಗಡಿಯಲ್ಲಿ ಅವನು ಕಲಿತ ಪಾಠ. ಅರ್ಧ ಕಟ್ಟಿಟ್ಟ ಮೂಟೆಯಿಂದ ಕಾಳು ಚೆಲ್ಲುತ್ತದೆ, ಇಲಿ ನುಗ್ಗುತ್ತದೆ. ಅವನು ಹಾಕಿದ ಗಂಟು ಬಿಚ್ಚಲಾಗದೆ ಕೊಂಡವರು ಕುಡುಗೋಲು ಹುಡುಕಬೇಕಾಗುತ್ತಿತ್ತು. ಯಾರಾದರೂ ಬಂದು ಹಾಗೆಂದು ದೂರಿದರೆ ಅವನು ಅದನ್ನು ಹೊಗಳಿಕೆ ಎಂದೇ ತಿಳಿದು ಹಿಗ್ಗುತ್ತಿದ್ದ. ಮೂಟೆಯ ಮಟ್ಟಿಗೆ ಅವನು ಮಾಡುತ್ತಿದ್ದದ್ದು ಸರಿಯೇ.

ಅವನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಪರೇಷನ್ ಮಾಡಿ ಮಗು ತೆಗೆದರು. ಹೊಟ್ಟೆಯ ಹೊಲಿಗೆ ಮಾಯುವವರೆಗೆ ಬಾಣಂತಿ ನೆಲದ ಮೇಲೆ ಕೂತು ಏಳುವ ಹಾಗಿಲ್ಲ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಆ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಹಾಸಿಗೆ ಬಿಡಿಸಿ ಮಲಗುವವರು. ಮಂಚ ಎನ್ನುವುದೇ ಇರಲಿಲ್ಲ. ವ್ಯಾಪಾರಿ ಒಂದು ಮಂಚ ತರಿಸಿದ. ಬಂದದ್ದು ಮಂಚವಲ್ಲ, ಚಪ್ಪಟೆಯಾದ ರಟ್ಟಿನ ಪೆಟ್ಟಿಗೆ. ಒಳಗೆ ನಾಲ್ಕು ಹಲಗೆ, ಮೇಲೆ ಹಾಸುವ ಅಡ್ಡಪಟ್ಟಿಗಳು, ಒಂದು ಪೊಟ್ಟಣ ಬೋಲ್ಟು, ಅವನ್ನು ತಿರುಗಿಸಲು ಬಾಗಿದ ಒಂದು ಸಣ್ಣ ಕೀಲಿ. ಜೋಡಿಸುವವನು ನಾಳೆ ಬರುತ್ತಾನೆ ಎಂದು ಹೇಳಿ ತಂದವರು ಹೋದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಅಳಿಯನ ಫೋನು ಬಂತು. ಬಾಣಂತಿಯನ್ನು ಇವತ್ತು ಸಾಯಂಕಾಲವೇ ಮನೆಗೆ ಕಳಿಸುತ್ತಾರಂತೆ.

ವ್ಯಾಪಾರಿ ಪಂಚೆ ಎತ್ತಿ ಕಟ್ಟಿದ. ನಾಲ್ಕು ಹಲಗೆ ಸೇರಿಸುವುದಕ್ಕೆ ನಾಳೆ ಬರುವವನನ್ನು ಯಾಕೆ ಕಾಯಬೇಕು? ಮೊಮ್ಮಗು ಮಲಗುವ ಮಂಚ ತನ್ನ ಕೈಯಿಂದಲೇ ಆಗಲಿ ಎಂಬ ಆಸೆಯೂ ಒಳಗೊಳಗೇ ಇತ್ತು. ಹೆಂಡತಿ ಬಚ್ಚಲ ಹಂಡೆಗೆ ಉರಿ ಹಾಕಲು ಹೋದಳು. ಇವನು ಕೋಣೆಯಲ್ಲಿ ಕೆಲಸಕ್ಕೆ ಕೂತ.

ತಲೆಯ ಕಡೆಗೊಂದು ಹಲಗೆ, ಕಾಲಿನ ಕಡೆಗೊಂದು, ಎಡಕ್ಕೊಂದು, ಬಲಕ್ಕೊಂದು. ಬಾಣಂತಿಯ ತಲೆ ದಕ್ಷಿಣಕ್ಕೆ ಇರಬೇಕು. ಹಾಗಾಗಿ ತಲೆಯ ಹಲಗೆಯನ್ನು ದಕ್ಷಿಣದ ಗೋಡೆಗೆ ಆನಿಸಿ ನಿಲ್ಲಿಸಿ, ಅದಕ್ಕೆ ಎಡ ಹಲಗೆ ಸೇರಿಸಿ ಬೋಲ್ಟು ಹಾಕಿದ. ಕೀಲಿ ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದ. ಆಮೇಲೆ ಕಾಲಿನ ಹಲಗೆ ತಂದು ಎಡ ಹಲಗೆಗೆ ಸೇರಿಸಿದ. ಅದನ್ನೂ ಹಲ್ಲು ಕಚ್ಚಿ ಬಿಗಿದ. ಅಲುಗಾಡಿಸಿ ನೋಡಿದ. ಬಂಡೆಯ ಹಾಗೆ ನಿಂತಿತ್ತು. ಹೆಂಡತಿಯನ್ನು ಕೂಗಿ ಕರೆದು, ಆನೆ ಬಂದು ಮಲಗಿದರೂ ಇದು ಜಗ್ಗುವುದಿಲ್ಲ ನೋಡು ಎಂದ.

ಉಳಿದದ್ದು ಬಲ ಹಲಗೆ. ಅದರ ಒಂದು ತುದಿ ತಲೆಯ ಕಡೆ ಸರಿಯಾಗಿ ಕೂತಿತು. ಇನ್ನೊಂದು ತುದಿಯ ತೂತಿಗೂ ಕಾಲಿನ ಹಲಗೆಯ ತೂತಿಗೂ ಬೆರಳಗಲ ಅಂತರ. ತಳ್ಳಿದ, ಎಳೆದ, ಮೊಣಕಾಲು ಕೊಟ್ಟು ಒತ್ತಿದ, ಕೊನೆಗೆ ಚಪ್ಪಲಿ ತಂದು ಬಡಿದ. ಜಪ್ಪಯ್ಯ ಎಂದರೂ ಹಲಗೆ ಕದಲಲಿಲ್ಲ.

ವ್ಯಾಪಾರಿಗೆ ಕೋಪ ನೆತ್ತಿಗೇರಿತು. ಕೋಪ ಬಂತೇ ಹೊರತು ಅನುಮಾನ ಬರಲಿಲ್ಲ. ಮೂರು ಹಲಗೆ ಸರಿಯಾಗಿ ಕೂತಿವೆ, ಒಂದು ಕೂತಿಲ್ಲ. ಅಂದ ಮೇಲೆ ತಪ್ಪು ಯಾರದು ಎಂದು ಯೋಚಿಸುವ ಅಗತ್ಯವೇ ಅವನಿಗೆ ಕಾಣಲಿಲ್ಲ.

“ಇದೊಂದೇ ಸೊಟ್ಟ. ತೂತು ತಪ್ಪು ಜಾಗದಲ್ಲಿ ಕೊರೆದಿದ್ದಾರೆ. ಪಕ್ಕದ ಮನೆಯವರ ಡ್ರಿಲ್ ಇಸ್ಕೊಂಡು ಬರ್ತೀನಿ. ಹೊಸ ತೂತು ಹೊಡೆದ್ರೆ ಮುಗೀತು” ಎಂದ.

“ಇದು ಮರ ಅಲ್ಲ ಕಣ್ರೀ, ಪುಡಿ ಒತ್ತಿ ಮಾಡಿರೋ ಹಲಗೆ. ತೂತಿನ ಪಕ್ಕದಲ್ಲೇ ತೂತು ಹೊಡೆದ್ರೆ ಉದುರಿಹೋಗುತ್ತೆ” ಎಂದಳು ಹೆಂಡತಿ. “ಮಲಗೋಳು ಹಸಿ ಬಾಣಂತಿ. ಪಕ್ಕದಲ್ಲಿ ಹಸುಗೂಸು. ರಾತ್ರಿ ಮಂಚ ಕುಸಿದ್ರೆ ಏನ್ರೀ ಗತಿ?”

“ಹಾಗಾದ್ರೆ ನೆಲದ ಮೇಲೆ ಮಲಗಿಸ್ತೀಯಾ?”

ಹೊತ್ತು ಇಳಿಯುತ್ತಿತ್ತು. ಅವಳಿಗೆ ಅಳು ಬರುವ ಹಾಗಾಯಿತು.

ಡ್ರಿಲ್ ಬಂತು. ಅದರ ವೈರು ಗಿಡ್ಡ. ಪ್ಲಗ್ ಇದ್ದದ್ದು ಬಾಗಿಲ ಪಕ್ಕ. ಅಲ್ಲಿಂದ ಹಲಗೆಯ ತುದಿಗೆ ವೈರು ಮುಟ್ಟಲಿಲ್ಲ. ಚೌಕಟ್ಟನ್ನೇ ಬಾಗಿಲ ಕಡೆಗೆ ಎಳೆಯೋಣವೆಂದರೆ ಕೋಣೆ ಇಕ್ಕಟ್ಟು. ಬೀರುವಿಗೂ ಗೋಡೆಗೂ ನಡುವೆ ಅದು ಸಿಕ್ಕಿಕೊಂಡಿತು. ಬಿಗಿದ ಬೋಲ್ಟುಗಳನ್ನು ತುಸು ಸಡಿಲ ಮಾಡಿದರೆ ಓರೆಯಾಗಿ ದಾಟಿಸಬಹುದಿತ್ತು. ತಾನು ಕಟ್ಟಿದ್ದನ್ನು ತಾನೇ ಬಿಚ್ಚುವುದು ಅವನಿಗೆ ಅಭ್ಯಾಸವಿಲ್ಲದ ಕೆಲಸ. ಗೊಣಗುತ್ತಲೇ ಕೀಲಿಯನ್ನು ಹಿಂದಕ್ಕೆ ತಿರುಗಿಸಿದ. ಬಿಗಿಯುವಾಗ ನೋಯದ ಕೈ ಬಿಚ್ಚುವಾಗ ನೋಯಿತು. ಕಾಲಿನ ಕಡೆಯದನ್ನು ಸಡಿಲಿಸಿದ. ಆಮೇಲೆ ತಲೆಯ ಕಡೆ ಎಲ್ಲಕ್ಕಿಂತ ಮೊದಲು ಹಾಕಿದ ಬೋಲ್ಟಿಗೆ ಬಂದ.

ಹೆಂಡತಿ ಬಲ ಹಲಗೆಯ ತುದಿಯನ್ನು ಹಿಡಿದು ಕೂತಿದ್ದಳು. ಆ ಮೊದಲ ಬೋಲ್ಟು ಸಡಿಲವಾಗುತ್ತಲೇ ಇಡೀ ಚೌಕಟ್ಟು ಒಮ್ಮೆ ಮಿಸುಕಿತು. ಅವಳ ಕೈಯಲ್ಲಿದ್ದ ಹಲಗೆ ತಾನಾಗಿಯೇ ಸರಿದು, ತೂತಿಗೆ ತೂತು ಸೇರಿ ನಿಂತಿತು.

“ರೀ, ಇಲ್ಲಿ ನೋಡಿ. ಕೂತೇಬಿಡ್ತು!”

ಅವನು ಬಂದು ಬಗ್ಗಿ ನೋಡಿದ. ಕೊನೆಯ ಹಲಗೆ ಸೊಟ್ಟ ಇರಲೇ ಇಲ್ಲ. ಮೊದಲ ಮೂಲೆ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ನಾಲ್ಕೂ ಹಲಗೆ ಬಂದು ಸೇರುವ ಮೊದಲೇ ಅವನು ಅದನ್ನು ಹಾಗೆಯೇ ಬಿಗಿದುಬಿಟ್ಟಿದ್ದ. ಆ ಕೂದಲೆಳೆ ಒಂದರಿಂದ ಒಂದಕ್ಕೆ ಬೆಳೆಯುತ್ತ ಬಂದು ಕೊನೆಯದರ ಹತ್ತಿರ ಬೆರಳಗಲವಾಗಿತ್ತು. ಓರೆ ಇದ್ದದ್ದು ಮೊದಲಲ್ಲಿ. ಪೆಟ್ಟು ತಿಂದದ್ದು ಕೊನೆಗೆ ಬಂದ ಹಲಗೆ.

ವ್ಯಾಪಾರಿಗೆ ನಾಚಿಕೆಯಾಯಿತು. ಹೆಗಲ ಮೇಲಿನ ಟವೆಲ್ಲು ತೆಗೆದು, ಚಪ್ಪಲಿಯ ಪೆಟ್ಟು ಬಿದ್ದ ಜಾಗವನ್ನು ಒರೆಸಿದ. ಮಿಕ್ಕ ಬೋಲ್ಟುಗಳನ್ನೂ ಸಡಿಲಿಸಿದ. ನಾಲ್ಕು ಮೂಲೆಗೂ ಬೋಲ್ಟು ಹಾಕಿ, ಎಲ್ಲ ಹಲಗೆಗಳೂ ಒಂದನ್ನೊಂದು ನೋಡಿಕೊಂಡು ಕೂರಲು ಬಿಟ್ಟ. ಆಮೇಲೆ ಸುತ್ತಲೂ ಬರುತ್ತ ಒಂದೊಂದನ್ನೂ ಇಷ್ಟಿಷ್ಟೇ ಬಿಗಿಯುತ್ತ ಹೋದ. ಮೇಲೆ ಅಡ್ಡಪಟ್ಟಿಗಳನ್ನಿಟ್ಟು ಹಾಸಿಗೆ ಹಾಸಿದ. ಡ್ರಿಲ್ ಬಂದ ಹಾಗೆಯೇ ಪಕ್ಕದ ಮನೆಗೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಮಗಳು ಬಂದಳು. ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದಳು. ಮಂಚ ಕಿರ್ರೆನ್ನಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಪರ್ವತಪ್ಪ ತೊಡೆ ತಟ್ಟಿಕೊಂಡು ನಕ್ಕ. “ಎಂಥ ಪೆದ್ದ ಮನುಷ್ಯ ಅವನು! ಇನ್ನೊಂದು ಗಳಿಗೆ ಆಗಿದ್ರೆ, ಬಂಗಾರದಂಥ ಹಲಗೆನ ಹಾಳು ಮಾಡಿಬಿಡ್ತಿದ್ದ.”

“ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಬಿಗಿದು ಕೂತವನು ಯಾರು, ಪರ್ವತಪ್ಪ?” ಎಂದರು ಗುರುಗಳು.

ಪರ್ವತಪ್ಪ ಹೂಂ ಅನ್ನಿಸಿಕೊಳ್ಳದೆಯೇ ಎದ್ದ.