ಓಬಳವ್ವ ಹಚ್ಚಿದ ಅಂಟು

ಕಾಚಪ್ಪನಾಯಕ ಸಣ್ಣ ಪಾಳೇಗಾರ, ದೊಡ್ಡ ಅವಸರಗಾರ. ಒಂದು ಬೆಳಿಗ್ಗೆ ಬಿಲ್ಲು ಮಾಡುವ ಓಬಳವ್ವನ ಅಂಗಳಕ್ಕೇ ಬಂದು ನಿಂತ.

“ಸಂಜೆಗೆ ಬೀಗರು ಬರ್ತಾರೆ. ಅವರೆದುರು ಹೊಸ ಬಿಲ್ಲು ಎಳೀಬೇಕು. ಆಗದಿದ್ದರೆ ನಾಳೆ ನೀನು ಈ ಊರಲ್ಲಿರಬಾರದು.”

ಓಬಳವ್ವ ಬಿದಿರಿನ ಎರಡು ಪಟ್ಟಿ ತೋರಿಸಿದಳು. “ಇವನ್ನ ಒಂದಕ್ಕೊಂದು ಅಂಟಿಸಬೇಕು ಬುದ್ಧಿ. ಜಾಲಿ ಗೋಂದು ಸಂಜೆಗೆ ಒಣಗುತ್ತೆ. ಆದರೆ ಎಳೆದರೆ ಬೀಗರೆದುರೇ ಬಿಟ್ಟುಕೊಳ್ಳುತ್ತೆ. ತೊಗಲು ಬೇಯಿಸಿ ತೆಗೆದ ಅಂಟು ಜನ್ಮಕ್ಕೂ ಬಿಡಲ್ಲ. ಆದರೆ ಅದು ಬಲು ನಿಧಾನ.”

“ಅದನ್ನೇ ಹಚ್ಚು. ಬೇಗ ಒಣಗಿಸು!”

“ಗಟ್ಟಿ ಕೈಯವರು ಮಾತಾಡದೆ ಒತ್ತಿ ಹಿಡಿದು ಕೂತರೆ ಒಣಗೀತು. ಅಂಥ ಕೈ ಈ ಊರಲ್ಲಿ ತಮ್ಮದೊಂದೇ.”

ನಾಯಕ ಮೀಸೆ ತಿರುವಿದ. ಅಂಟು ಹಚ್ಚಿದ ಪಟ್ಟಿಗಳನ್ನು ಹಿಡಿದು ಕೆರೆದಂಡೆಯ ಹೊಂಗೆ ನೆರಳಲ್ಲಿ ಕೂತ. ಮೊದಮೊದಲು ಚಡಪಡಿಸಿದ. ಆಮೇಲೆ ನೀರಿನೊಳಗೆ ಮೋಡ ತೇಲುವುದು ಕಂಡಿತು. ಹೊಂಗೆ ಹೂವು ಒಂದೊಂದೇ ಹೆಗಲ ಮೇಲೆ ಉದುರಿದವು. ಇಷ್ಟು ವರ್ಷ ತನ್ನ ಕೆರೆಯನ್ನು ತಾನು ನೋಡಿಯೇ ಇರಲಿಲ್ಲ ಅನ್ನಿಸಿತು.

ಬಿಸಿಲು ಇಳಿದಾಗ ಆಳು ಓಡಿಬಂದ. “ಬುದ್ಧಿ, ಬೀಗರು ಬಂದರು!”

ನಾಯಕ ಅರೆಗಣ್ಣು ತೆರೆದು ಪಿಸುಗುಟ್ಟಿದ: “ಮೆಲ್ಲಗೆ ಮಾತಾಡೋ, ಅಂಟು ಇನ್ನೂ ಹಸಿ. ಬಿಲ್ಲಿಗೇನು ಅವಸರ? ಬೀಗರನ್ನೂ ಇಲ್ಲಿಗೇ ಕರಕೊಂಡು ಬಾ. ಆ ಕಡೆ ತುದಿ ಅವರು ಹಿಡೀಲಿ.”