ಮೇಷ ರಾಶಿಯ ಹಿನ್ನಡೆ

ಕುರಿಮಂದೆಯನ್ನು ಮುನ್ನಡೆಸುತ್ತಿದ್ದ ಬೀರಣ್ಣನೆಂಬ ಟಗರಿಗೆ ಒಂದು ಬೆಳಿಗ್ಗೆ ಭವಿಷ್ಯ ಕೇಳುವ ಆಸೆಯಾಯಿತು. ಆಲದ ಮರದ ಗಿಣಿ ಕಣ್ಣು ಮುಚ್ಚಿ ನುಡಿಯಿತು: “ನಿಮ್ಮದು ಮೇಷ ರಾಶಿ. ಈ ವಾರ ಉದ್ಯೋಗದಲ್ಲಿ ಹಿನ್ನಡೆ. ಮುಂದಾಳತ್ವ ಬೇರೆಯವರಿಗೆ ಬಿಟ್ಟುಬಿಡಿ.”

ಬೀರಣ್ಣ ಕರಿಯವ್ವನೆಂಬ ಕುರಿಯನ್ನು ಮುಂದೆ ಬಿಟ್ಟು, ತಾನು ಸಾಲಿನ ಕೊನೆಗೆ ಹೋಗಿ ನಿಂತ.

“ಇದೇನು ಮಾವ, ದಾರಿ ಬಲ್ಲವನು ನೀನು!” ಎಂದಳು ಕರಿಯವ್ವ.

“ಈ ವಾರ ನನಗೆ ಹಿನ್ನಡೆಯಂತೆ, ತಾಯಿ.”

ಹಳ್ಳದ ತಿರುವಿನಲ್ಲಿ ತೋಳವೊಂದು ಎದುರಾಗಿ, ಕರಿಯವ್ವನ ಮರಿಯ ಮೇಲೆ ಕಣ್ಣು ಹಾಕಿತು. ಅವಳು ಕೂಗಿದ್ದೇ ತಡ, ಬೀರಣ್ಣ ಓಡೋಡಿ ಮುಂದೆ ಬಂದ. ಬಂದವನು ತೋಳನ ಮುಖ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕಿಡತೊಡಗಿದ.

“ಅಯ್ಯೋ, ಹಿನ್ನಡೆ ಶುರುವಾಯಿತು!” ಎಂದು ಮಂದೆಯೆಲ್ಲ ಗೋಳಾಡಿತು. ತೋಳ ಹಲ್ಲು ಕಿಸಿಯಿತು.

ಹತ್ತು ಹೆಜ್ಜೆ ಹಿಂದೆ ಸರಿದ ಬೀರಣ್ಣ ತಲೆ ತಗ್ಗಿಸಿ, ಬಾಣದಂತೆ ನುಗ್ಗಿ ಬಂದು ಗುಮ್ಮಿದ. ತೋಳ ಉರುಳಿ ಹಳ್ಳಕ್ಕೆ ಬಿದ್ದು, ಕುಂಟುತ್ತ ಓಡಿಹೋಯಿತು.

ಬೀರಣ್ಣ ಮೈಯ ಧೂಳು ಒದರಿಕೊಂಡು ಸಾಲಿನ ಮುಂದೆ ನಿಂತ.

“ಮರಿಗಳನ್ನು ನಡುವೆ ಹಾಕಿಕೊಳ್ಳಿ,” ಎಂದ. “ಬಿಸಿಲೇರುವ ಮೊದಲು ಗುಡ್ಡ ಹತ್ತಬೇಕು.”